ಹಾಳೆಯಲ್ಲಿ ಇಲ್ಲದ ಸಾಲು

ಕುಣಿಗಲ್‌ನಲ್ಲಿ ನೋಂದಣಿ ಕಚೇರಿಯ ಎದುರು ಒಂದು ಕಂಪ್ಯೂಟರ್, ಒಂದು ಪ್ರಿಂಟರ್ ಇಟ್ಟುಕೊಂಡು ಕ್ರಯಪತ್ರ, ಉಯಿಲು ಬರೆದುಕೊಡುವುದು ನನ್ನ ಕಸುಬು. ಬರೆದದ್ದು ಎಷ್ಟೋ ನೆನಪಿಲ್ಲ. ಬರೆಯದೆ ಬಿಟ್ಟ ಒಂದು ಸಾಲು ಮಾತ್ರ ಮರೆಯಲಾಗಿಲ್ಲ.

ಅದನ್ನು ಬರೆಸಲು ಬಂದವರು ಒಂದು ಕಾಲಕ್ಕೆ ತುಮಕೂರು ಸೀಮೆಗೆಲ್ಲ ಹೆಸರಾಗಿದ್ದ ನಾಟಕದ ಗಾಯಕಿ. ಅವರ ಹಾಡು ಕೇಳಲು ನಮ್ಮಪ್ಪ ಲಾರಿ ಹತ್ತಿ ತುಮಕೂರಿಗೆ ಹೋಗುತ್ತಿದ್ದರಂತೆ. ಒಂದೇ ಹಾಡಿಗೆ ನಾಲ್ಕು ಸಲ ಒನ್ಸ್ ಮೋರ್ ಬೀಳುತ್ತಿತ್ತು, ಪ್ರತಿ ಸಲವೂ ವೇದಿಕೆಗೆ ನೋಟು ಬೀಳುತ್ತಿತ್ತು. ರೈಸ್‌ಮಿಲ್ಲಿನ ಸಾಹುಕಾರರೊಬ್ಬರು ಚಿನ್ನದ ಡಾಬನ್ನೇ ಕೊಟ್ಟಿದ್ದರು. ಆ ದುಡ್ಡಿನಲ್ಲಿ ಗುಬ್ಬಿಯಲ್ಲಿ ಮನೆ ಕಟ್ಟಿಸಿದರು, ಆಮೇಲೆ ಸ್ವಂತ ನಾಟಕ ಕಂಪನಿ ಕಟ್ಟಿದರು. ಟೆಂಟ್ ಹಾಕಿದ ಎರಡು ಕ್ಯಾಂಪು ಮಳೆಯಲ್ಲಿ ಮುಳುಗಿದವು, ಮೂರನೆಯದಕ್ಕೆ ಜನ ಬರಲಿಲ್ಲ. ಕಲಾವಿದರ ಸಂಬಳಕ್ಕೆ ಡಾಬು ಹೋಯಿತು, ಅದರ ಹಿಂದೆ ಮನೆಯೂ ಹೋಯಿತು. ಉಳಿದದ್ದು ಕುಣಿಗಲ್‌ನಲ್ಲಿದ್ದ ಅವರ ತಾಯಿಯ ಎರಡು ಕೋಣೆಯ ಮನೆ.

ಅದನ್ನು ತಂಗಿಯ ಮಗನಿಗೆ ಬರೆಯಲು ಬಂದಿದ್ದರು. ಎರಡು ಕಣ್ಣಿಗೂ ಪೊರೆ ಬಂದಿತ್ತು. ಮನೆಯೂ ಇತರ ಎಲ್ಲ ಸ್ವತ್ತೂ ಅವನಿಗೆ ಸೇರತಕ್ಕದ್ದು ಎಂದು ಟೈಪ್ ಮಾಡಿ ಪ್ರಿಂಟ್ ತೆಗೆದ ಮೇಲೆ ಅವರು ಬಾಯಿ ಬಿಟ್ಟರು.

"ಇನ್ನೊಂದ್ ಮಾತು ಬರ್ಕೊಳಪ್ಪಾ. ನನ್ನ ಹಾಡಿನ ಹಕ್ಕೆಲ್ಲಾ ನಮ್ಮ ಹಾರ್ಮೋನಿಯಂ ಮೇಷ್ಟ್ರಿಗೆ ಹೋಗ್ಬೇಕು."

"ಕ್ಯಾಸೆಟ್ ಹಾಡಾ ಅಮ್ಮಾ? ಈಗ ಕ್ಯಾಸೆಟ್ ಯಾರ್ ಕೇಳ್ತಾರೆ? ಅದ್ರಿಂದ ಏನ್ ಬರುತ್ತೆ?"

"ಏನೂ ಬರ್ದೇ ಇದ್ರೂ ಇರ್ಲಿ. ರಾಗ ಕೂರ್ಸಿದ್ದು ಅವ್ರು. ಕ್ಯಾಸೆಟ್ ಕಂಪನಿಗೆ ಹಕ್ಕು ಮಾರ್ಬೇಡಿ ಅಂತ ಹಟ ಹಿಡ್ದಿದ್ದೂ ಅವ್ರೇ. ನಾನು ಬಾಯ್ ತೆಗ್ದು ಹಾಡ್ದೆ, ಅಷ್ಟೇ ಕಣಪ್ಪಾ."

ಅಷ್ಟರಲ್ಲಿ ಕರೆಂಟ್ ಹೋಗಿತ್ತು. ಕಚೇರಿಯಲ್ಲಿ ಆ ದಿನದ ಕೆಲಸ ಮುಗಿಯಲು ಅರ್ಧ ಗಂಟೆ ಉಳಿದಿತ್ತು. ಇವೆರಡೇ ಕಾರಣ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ. ಮದುವೆಯಾಗದ ಹೆಂಗಸು, ಮೂವತ್ತು ವರ್ಷ ಜೊತೆಗಿದ್ದ ಮೇಷ್ಟ್ರು ಎಂದು ನನ್ನ ಮನಸ್ಸು ಹೋಗಬಾರದ ಕಡೆ ಹೋಗಿತ್ತು. ಇಂಥದ್ದಕ್ಕೆಲ್ಲ ಇನ್ನೊಂದು ಪ್ರಿಂಟ್ ಯಾಕೆ ಅನ್ನಿಸಿತ್ತು.

"ಸೇರ್ಸಿದೀನಿ ಅಮ್ಮಾ" ಎಂದೆ.

ಓದಿ ಹೇಳು ಎಂದರು. ಹಾಳೆ ಹಿಡಿದು ಇದ್ದುದನ್ನೆಲ್ಲ ಓದಿದೆ. ಕೊನೆಗೆ, ಇಲ್ಲದ ಆ ಸಾಲನ್ನೂ ಅದೇ ದನಿಯಲ್ಲಿ, 'ಸೇರತಕ್ಕದ್ದು' ಎಂದೆಲ್ಲ ಹಾಕಿ ಓದಿಬಿಟ್ಟೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡು, "ಚೆನ್ನಾಗ್ ಬರ್ದಿದೀಯ" ಎಂದರು. ಸಾಕ್ಷಿಗೆ ಬಂದಿದ್ದ ಅಕ್ಕಪಕ್ಕದ ಮನೆಯವರಿಬ್ಬರು ಹೊರಗೆ ಟೀ ಕುಡಿಯುತ್ತಿದ್ದರು. ಒಳಗೆ ಬಂದು, ಓದದೆ ಸಹಿ ಹಾಕಿದರು. ಎಲ್ಲ ಗೊತ್ತಿದೆಯೇ ಎಂದು ಅಧಿಕಾರಿ ಕೇಳಿದಾಗ, "ಓದ್ಸಿ ಕೇಳಿದೀನಿ ಸ್ವಾಮಿ" ಎಂದು ಆಕೆಯೇ ಹೇಳಿದರು.

ಮರುವರ್ಷ ಅವರು ತೀರಿಕೊಂಡರು. ಅದಾಗಿ ಸ್ವಲ್ಪ ಕಾಲಕ್ಕೆ ಅವರ ಹಳೆಯ ಹಾಡೊಂದು ಹೇಗೋ ಮೊಬೈಲುಗಳಲ್ಲಿ ಓಡತೊಡಗಿತು. ಮದುವೆ ವಿಡಿಯೋಗಳಿಗೆಲ್ಲ ಅದೇ ಹಾಡು. ಸಿನಿಮಾದವರು ಬಂದು ದೊಡ್ಡ ಮೊತ್ತ ಕೊಟ್ಟು ಅದರ ಹಕ್ಕು ಕೊಂಡರು. ಆ ದುಡ್ಡಿನಲ್ಲಿ ತಂಗಿಯ ಮಗ ತುಮಕೂರಿನಲ್ಲಿ ಎರಡಂತಸ್ತಿನ ಮನೆ ಎಬ್ಬಿಸಿದ.

ಒಂದು ಮಧ್ಯಾಹ್ನ ಮೇಷ್ಟ್ರು ಗುಬ್ಬಿಯಿಂದ ಎರಡು ಬಸ್ಸು ಬದಲಿಸಿ ನನ್ನ ಅಂಗಡಿಗೆ ಬಂದರು. ಬಾಡಿಗೆ ಕೋಣೆಯಲ್ಲಿ ಮಕ್ಕಳಿಗೆ ಸಂಗೀತ ಪಾಠ ಹೇಳಿ ಬದುಕುತ್ತಿದ್ದ ಮನುಷ್ಯ. ಇಸ್ತ್ರಿ ಮಾಡಿದ ಹಳೆ ಜುಬ್ಬ ಹಾಕಿದ್ದರು.

"ಉಯಿಲಲ್ಲಿ ನನ್ನ ಹೆಸ್ರೂ ಬರ್ಸಿದೀನಿ ಅಂತ ಅಮ್ಮ ಹೇಳಿದ್ರು ಸಾರ್. ಒಂದ್ಸಲ ನೋಡಿ ಹೇಳ್ತೀರಾ?"

ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಹುಡುಕಿದ ಹಾಗೆ ಮಾಡಿದೆ. "ಅಂಥದ್ದೇನೂ ಇಲ್ಲ ಮೇಷ್ಟ್ರೇ."

ಅವರು ಜುಬ್ಬದ ತೋಳು ಸರಿಮಾಡಿಕೊಂಡರು. ಆಮೇಲೆ, "ನನ್ನ ಸಮಾಧಾನಕ್ಕೆ ಹಂಗಂದಿರ್ಬೇಕು ಬಿಡಿ" ಎಂದು ಎದ್ದು ಹೋದರು.

ಸತ್ತ ಹೆಂಗಸನ್ನು ನಾನು ಸುಳ್ಳಿ ಮಾಡಿದ್ದೆ. ಬರೆಯದೆ ಬಿಟ್ಟಾಗ ಇಲ್ಲದ ನಾಚಿಕೆ ಆಗ ಹತ್ತಿತು. ಊಟಕ್ಕೆ ಕೂತರೂ ಆ ಜುಬ್ಬ ಕಣ್ಣೆದುರು ಬರುತ್ತಿತ್ತು. ತಿಂಗಳು ತಡೆದುಕೊಂಡು ಕೊನೆಗೆ ಗುಬ್ಬಿಗೆ ಹೋದೆ. ಪಾಠ ಮುಗಿಯುವವರೆಗೆ ಹೊರಗೆ ನಿಂತಿದ್ದು, ಎಲ್ಲವನ್ನೂ ಹೇಳಿದೆ. ಹೋಗಬಾರದ ಕಡೆ ಹೋದ ಮನಸ್ಸಿನ ವಿಷಯವೊಂದನ್ನು ಬಿಟ್ಟು.

ಬಯ್ಯುತ್ತಾರೆಂದುಕೊಂಡಿದ್ದೆ. ಅವರು ಕೇಳಿದ್ದು ಇಷ್ಟೇ: "ನೀವು ಓದಿದ್ನ ಅವ್ರು ಕೇಳುಸ್ಕೊಂಡ್ರಾ?"

"ಕೇಳುಸ್ಕೊಂಡ್ರು."

"ಹಂಗಾದ್ರೆ ಅವ್ರು ಹೇಳಿದ್ದು ನಿಜಾನೇ" ಎಂದು ಕಣ್ಣೊರೆಸಿಕೊಂಡರು.

ತುಮಕೂರಿನ ವಕೀಲರೊಬ್ಬರನ್ನು ವಿಚಾರಿಸಿದೆ. ನಡೆದದ್ದನ್ನು ಅಫಿಡವಿಟ್ ಮಾಡಿ ಕೊಟ್ಟರೆ ಮೇಷ್ಟ್ರು ಕೇಸು ಹಾಕಿ ನೋಡಬಹುದು, ಆದರೆ ನಿಮ್ಮ ಲೈಸೆನ್ಸ್ ಉಳಿಯುವುದಿಲ್ಲ ಎಂದರು. ಯೋಚಿಸಿ ಹೇಳುತ್ತೇನೆ ಎಂದು ಬಂದವನು ಇನ್ನೂ ಹೇಳಿಲ್ಲ. ಅದರ ಬದಲು ತಂಗಿಯ ಮಗನಿಗೆ ಫೋನ್ ಮಾಡಿ, ರಾಗ ಕೂರಿಸಿದವರು ಮೇಷ್ಟ್ರು, ಏನಾದರೂ ಮಾಡಿ ಎಂದು ಬೇಡಿಕೊಂಡೆ. ಉಯಿಲಿನ ಮಾತು ಎತ್ತಲಿಲ್ಲ. ಅವನು ದುಡ್ಡು ಕೊಡಲಿಲ್ಲ. ಯೂಟ್ಯೂಬಿನಲ್ಲಿ ಹಾಡಿನ ಕೆಳಗೆ ಮೇಷ್ಟ್ರ ಹೆಸರು ಹಾಕಿಸಿದ.

ಎರಡು ದಿನದ ಮೇಲೆ ಮೇಷ್ಟ್ರೇ ಫೋನ್ ಮಾಡಿದರು.

"ನನ್ನ ಹೆಸ್ರು ಬಂದಿದೆ ಸಾರ್, ಪಾಠಕ್ಕೆ ಬರೋ ಮಕ್ಳು ತೋರ್ಸಿದ್ರು. ನಿಮ್ಮಿಂದ ದೊಡ್ಡ ಉಪಕಾರ ಆಯ್ತು."

ಅವರ ದನಿಯಲ್ಲಿ ವ್ಯಂಗ್ಯ ಇದ್ದಿದ್ದರೆ ತಾಳಿಕೊಳ್ಳುತ್ತಿದ್ದೆ. ಇರಲಿಲ್ಲ. "ಇರ್ಲಿ ಬಿಡಿ ಮೇಷ್ಟ್ರೇ" ಎಂದೆ.