ಒಂಬತ್ತನೆಯ ಬುಟ್ಟಿಯ ಸರಪಳಿ

ಲೆಪ್ಪಲಾ ಊರಿನ ಪಾರ್ಕಿನಲ್ಲಿ ಡಿಸ್ಕ್ ಗಾಲ್ಫಿನ ಬುಟ್ಟಿಗಳು ಹದಿನೆಂಟು. ಹದಿನೆಂಟನ್ನೂ ನೆಟ್ಟ ಇಬ್ಬರಲ್ಲಿ ಕೌಕೊ ಒಬ್ಬ. ಅವನು ಆಡುವುದು ಮಾತ್ರ ಹದಿನೇಳು. ಎಂಟನೆಯದು ಮುಗಿದದ್ದೇ ತಡ, ಎಸೆದು ಆಡುವ ತಟ್ಟೆಗಳ ಚೀಲವನ್ನು ಹೆಗಲಿಗೇರಿಸಿ, ಬರ್ಚ್ ಮರಗಳ ಹಿಂದಿನ ಕಾಲುದಾರಿ ಹಿಡಿದು ನೇರ ಹತ್ತನೆಯದರ ಬಳಿ ಹೋಗಿ ನಿಲ್ಲುತ್ತಾನೆ. ಮೂರು ವರ್ಷದಿಂದ ಇದೇ ನಡೆ.

"ಏನೋ ಕೌಕೊ, ಎಂಟಾದ ಮೇಲೆ ಎಷ್ಟು ಅಂತ ಶಾಲೇಲಿ ಹೇಳ್ಕೊಡ್ಲಿಲ್ವಾ?" ಎಂದು ಜೊತೆಯವರು ಕಿಚಾಯಿಸುತ್ತಾರೆ.

"ಮೊಣಕಾಲು ನೋವು ಕಣೋ. ಆ ದಿಬ್ಬ ಹತ್ತೋಕಾಗಲ್ಲ."

"ಹದಿನಾರನೇದರ ಗುಡ್ಡನ ಮೇಕೆ ಥರ ಹತ್ತುತೀಯಲ್ಲ! ಆಗೇನು ಮೊಣಕಾಲು ಮನೇಲಿಟ್ಟು ಬಂದಿರ್ತೀಯಾ?"

ಅವರು ನಗುತ್ತಾರೆ, ಅವನೂ ನಗುತ್ತಾನೆ. ಆದರೆ ನಗು ಗಂಟಲಿನಿಂದ ಕೆಳಗೆ ಇಳಿಯುವುದಿಲ್ಲ.

ಮೂವತ್ತೊಂದು ವರ್ಷ ಗ್ರೇಡರ್ ಓಡಿಸಿದ ಜೀವ ಅದು. ಬೇಸಿಗೆಯಲ್ಲಿ ಮಣ್ಣುರಸ್ತೆ ಸಮ ಮಾಡುವುದು, ಚಳಿಗಾಲದಲ್ಲಿ ಹಿಮ ಗೋರುವುದು. ಮದುವೆಯಾಗಲಿಲ್ಲ. ನೆಲದ ಏರಿಳಿತವನ್ನು ಅಂಗಾಲಿನಲ್ಲೇ ಓದುತ್ತಿದ್ದ. ಗೆಳೆಯ ತಾಯ್ಸ್ತೊ ಕಾಡಿನಲ್ಲಿ ಕಡಿಯುವ ಮರಕ್ಕೆ ಗುರುತು ಹಾಕುತ್ತಿದ್ದವನು. ಅವನು ಮರಗಳನ್ನು ಓದುತ್ತಿದ್ದ. ಇಬ್ಬರೂ ಕೆಲಸ ಬಿಟ್ಟ ವರ್ಷ ಊರಿನವರು ಈ ಪಾರ್ಕನ್ನು ಅವರ ಕೈಗೆ ಕೊಟ್ಟರು. ತಟ್ಟೆ ಬೀಸಿ ಎಸೆದು ಬುಟ್ಟಿಯ ಮೇಲೆ ಇಳಿಬಿಟ್ಟ ಸರಪಳಿಗೆ ತಾಗಿಸಿ ಒಳಗೆ ಬೀಳಿಸುವುದು, ಆಟ ಅಂದರೆ ಇಷ್ಟೇ. ಆದರೆ ಇವರಿಬ್ಬರು ನೆಟ್ಟ ಬುಟ್ಟಿಗಳು ಮನುಷ್ಯನ ಗುಣ ಬಲ್ಲ ಬುಟ್ಟಿಗಳು. ಮೂರನೆಯದರಲ್ಲಿ ದುರಾಸೆಯವನ ತಟ್ಟೆ ಸರೋವರದ ಪಾಲು. ಐದನೆಯದರಲ್ಲಿ ಅಂಜುಬುರುಕನ ತಟ್ಟೆ ಜೊಂಡಿನ ಪಾಲು. ಒಂಬತ್ತನೆಯದಂತೂ ಕಣ್ಣಿಗೇ ಬೀಳುವುದಿಲ್ಲ. ದಿಬ್ಬದ ಆಚೆ, ನೀರಿನಂಚಿನಲ್ಲಿದೆ. ಕಾಣದ ಕಡೆಗೆ ಎಸೆದರೆ ಆಚೆ ಇದ್ದವರ ತಲೆ ಒಡೆದೀತಲ್ಲ? ಅದಕ್ಕೆ ಅಲ್ಲೊಂದು ಕಂಬ ನೆಟ್ಟು, ತಾಯ್ಸ್ತೊನ ತಾಯಿ ಸಾಕಿದ್ದ ಹಸುವಿನ ಗಂಟೆ ಕಟ್ಟಿದರು. ಆಡಿ ಮುಗಿಸಿದವರು ಗಂಟೆ ಬಾರಿಸಬೇಕು. ಅಲ್ಲಿಯವರೆಗೆ ಈಚೆಯವರು ಬೆಂಚಿನ ಮೇಲೆ ಬಾಯಿ ಮುಚ್ಚಿ ಕೂರಬೇಕು. ದಿಬ್ಬ ಹತ್ತಿ ಇಣುಕುವುದು ಅಂದರೆ ಮುಂದಿನವರನ್ನು ಕತ್ತು ಹಿಡಿದು ದಬ್ಬಿದ ಹಾಗೆ. ಅಷ್ಟು ಮಾನಗೆಟ್ಟವರು ಲೆಪ್ಪಲಾದಲ್ಲಿ ಯಾರೂ ಇಲ್ಲ.

ತಾಯ್ಸ್ತೊ ಸತ್ತದ್ದು ಆ ದಿಬ್ಬದ ಆಚೆಯೇ. ಎದೆ ಹಿಡಿದು ಬುಟ್ಟಿಯ ಬುಡದಲ್ಲಿ ಬಿದ್ದ. "ಹಿಂದೇನೇ ಬರ್ತಿದ್ದೆ, ತಕ್ಷಣ ಓಡಿದೆ" ಎಂದು ಕೌಕೊ ಆ ದಿನ ಎಲ್ಲರಿಗೂ ಹೇಳಿದ. ಮಣ್ಣು ಮಾಡಿದ ದಿನ ತಾಯ್ಸ್ತೊನ ಹೆಂಡತಿ ಸಿರ್ಕಾ ಅವನ ಎರಡೂ ಕೈ ಹಿಡಿದು, "ನೀನಿದ್ದೆಯಲ್ಲ, ಅವನು ಒಂಟಿಯಾಗಿ ಹೋಗ್ಲಿಲ್ಲ. ನಂಗೆ ಅಷ್ಟು ಸಾಕು" ಎಂದಿದ್ದಳು.

ಆ ಮಾತು ಅವನೊಳಗೆ ಮುರಿದ ಮುಳ್ಳಿನ ಹಾಗೆ ಕೂತುಬಿಟ್ಟಿತು.

ಅಂದಿನಿಂದ ಶುರುವಾಯಿತು ನೋಡಿ ಆ ಸದ್ದು. ಸರೋವರದಿಂದ ಮಂಜು ಎದ್ದ ದಿನ, ಒಂದು ಎಲೆಯೂ ಅಲುಗದಾಗ, ದಿಬ್ಬದಾಚೆ ಸರಪಳಿ ಝಣ್ ಎನ್ನುತ್ತದೆ. ಮತ್ತೊಮ್ಮೆ ಝಣ್. ಸ್ವಲ್ಪ ಬಿಟ್ಟು ಇನ್ನೊಮ್ಮೆ, ಮೆಲ್ಲಗೆ. ತುಕ್ಕು ಹಿಡಿದಿದೆ ಎಂಬ ನೆಪ ಹೇಳಿ ಕೌಕೊ ಬುಟ್ಟಿಯನ್ನು ಎರಡು ಸಲ ಬದಲಾಯಿಸಿದ. ಕಬ್ಬಿಣ ಹೊಸದಾಯಿತು, ಸದ್ದು ಹಳೆಯದೇ ಉಳಿಯಿತು. ಹತ್ತನೆಯದರ ಬಳಿ ನಿಂತಾಗಲೂ ಕೇಳುತ್ತದೆ. ಈಚೀಚೆಗೆ ಮನೆಯಲ್ಲಿ ಕಾಫಿ ಲೋಟಕ್ಕೆ ಚಮಚ ತಗುಲಿದರೂ ಬೆನ್ನು ಸೆಟೆದುಕೊಳ್ಳುತ್ತದೆ.

ಈ ಸೆಪ್ಟೆಂಬರಿನ ಒಂದು ಮಧ್ಯಾಹ್ನ ಸಿರ್ಕಾ ಪಾರ್ಕಿಗೆ ಬಂದಳು. ಹೆಗಲಲ್ಲಿ ತಾಯ್ಸ್ತೊನ ಚೀಲ.

"ನಂಗೂ ಕಲಿಸು. ಮೂರು ವರ್ಷ ಈ ಚೀಲ ಬಾಗಿಲ ಹಿಂದೆ ನನ್ನೇ ನೋಡ್ತಾ ಕೂತಿತ್ತು. ಒಂದೋ ಮಾರ್ಬೇಕು, ಇಲ್ಲಾ ತಟ್ಟೆ ಎಸೆಯೋದು ಕಲೀಬೇಕು."

"ಮಳೆ ಬರೋ ಹಾಗಿದೆ, ಸಿರ್ಕಾ."

"ಬಂದ್ರೆ ನಾನೇನು ಸಕ್ಕರೆನಾ ಕರಗೋಕೆ? ನಡಿ."

ಅವಳ ಮೊದಲ ತಟ್ಟೆ ಹಿಂದಕ್ಕೇ ಹಾರಿ ಬೆಂಚಿಗೆ ಬಡಿಯಿತು. ಎರಡನೆಯದು ಪೊದೆಗೆ.

"ಬುಟ್ಟಿ ಆ ಕಡೆ ಇದೆ," ಎಂದ ಕೌಕೊ.

"ಗೊತ್ತು ಬಿಡು. ತಟ್ಟೆಗೆ ಹೇಳು."

ಐದನೆಯದು ಮುಗಿಯುವ ಹೊತ್ತಿಗೆ ಅವಳ ಕೆನ್ನೆ ಕೆಂಪಾಗಿತ್ತು. "ಇವನು ದಿನಾ ಇಲ್ಲೇ ಯಾಕೆ ಸಾಯ್ತಾನೆ ಅಂತ ಬೈತಿದ್ದೆ," ಎಂದಳು. ಆಡಿದ ಮಾತು ತಾನೇ ಕೇಳಿಸಿಕೊಂಡು ತಟ್ಟೆ ಹೆಕ್ಕಲು ಬಗ್ಗಿದಳು.

ಎಂಟು ಮುಗಿಯಿತು. ಕೌಕೊ ವಾಡಿಕೆಯಂತೆ ಬರ್ಚ್ ಮರಗಳತ್ತ ತಿರುಗಿದ.

"ಎಲ್ಲಿಗೆ? ಒಂಬತ್ತನೇದು ಇಲ್ಲಿದ್ಯಲ್ಲ. ನಾನು ಬಂದಿದ್ದೇ ಅದಕ್ಕೆ."

ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಇಬ್ಬರೂ ಬೆಂಚಿನ ಮೇಲೆ ಕೂತರು. ಮುಂದೆ ಆಡುತ್ತಿದ್ದ ಇಬ್ಬರು ಹೆಂಗಸರು ಆಗಷ್ಟೇ ದಿಬ್ಬ ದಾಟಿದ್ದರು. ನೀರಿನ ಕಡೆಯಿಂದ ಮಂಜು ಏಳುತ್ತಿತ್ತು. ಐದು ನಿಮಿಷವಾಯಿತು, ಹತ್ತಾಯಿತು. ಗಂಟೆ ಆಗಲಿಲ್ಲ.

"ಏನ್ ಕಾಯ್ತಿದೀವಿ?"

"ಗಂಟೆ ಬಾರಿಸ್ಬೇಕು ಅವರು."

"ಮರೆತು ಹೋಗಿರ್ತಾರೆ. ಎದ್ದು ಹೋಗಿ ನೋಡಬಾರ್ದಾ?"

"ಹಾಗೆಲ್ಲ ನೋಡಲ್ಲ."

"ಯಾಕೆ ನೋಡಲ್ಲ? ಕಾಲಿಲ್ವಾ ನಿಮಗೆ? ಅಲ್ಲಿ ಯಾರಿಗಾದ್ರೂ ಏನಾದ್ರೂ ಆಗಿದ್ರೆ..."

ಅವಳು ಸಹಜವಾಗಿ ಆಡಿದ ಮಾತದು. ಆದರೆ ಹೇಳಿ ತಿರುಗಿದಾಗ ಕೌಕೊನ ಮುಖ ಸುಣ್ಣದಂತಾಗಿತ್ತು.

"ಸಿರ್ಕಾ, ನಾನು ಆವತ್ತು ಓಡಿ ಹೋಗ್ಲಿಲ್ಲ."

ಅವಳು ಹೆಗಲಿನ ಚೀಲ ತೆಗೆದು ಬೆಂಚಿನ ಮೇಲಿಟ್ಟಳು.

"ಜಗಳ ಆಡಿದ್ವಿ. ಹದಿನಾಲ್ಕನೇದರ ಮುಂದಿನ ಮರದ ಕೊಂಬೆ ಒಂದನ್ನ ಅವನಿಗೆ ಹೇಳದೆ ಕುಯ್ದುಬಿಟ್ಟಿದ್ದೆ. 'ಗ್ರೇಡರ್ ಓಡಿಸೋನಿಗೆ ಇನ್ನೇನ್ ಬರತ್ತೆ, ಎಲ್ಲಾನೂ ಕೆರೆದು ಸಮ ಮಾಡೋದೇ' ಅಂದ. ಅದಕ್ಕೇ ಬೇರೆಬೇರೆ ಆಡ್ತಿದ್ವಿ. ಅವನು ಮುಂದೆ, ನಾನು ಹಿಂದೆ. ಇಲ್ಲೇ ಕೂತೆ. ಗಂಟೆ ಆಗ್ಲಿಲ್ಲ. ಬೇಕಂತಲೇ ಬಾರಿಸ್ತಿಲ್ಲ, ನನ್ನ ಕಾಯಿಸಿ ಮಜಾ ತಗೋತಿದಾನೆ ಅಂದ್ಕೊಂಡೆ. ಆಯ್ತು, ಯಾರು ಸೋಲ್ತಾರೋ ನೋಡೇಬಿಡೋಣ ಅಂತ ಕೂತೆ."

"ಎಷ್ಟು ಹೊತ್ತು?"

"ನಲವತ್ತು ನಿಮಿಷ."

ಎಲ್ಲೋ ಮರಕುಟಿಗವೊಂದು ಕುಟ್ಟುತ್ತಿತ್ತು. ಸಿರ್ಕಾ ತನ್ನ ಕೈಗಳನ್ನೇ ನೋಡುತ್ತ ಕೇಳಿದಳು, "ಏನಾದ್ರೂ ಕೇಳಿಸ್ತಾ?"

ಈ ಪ್ರಶ್ನೆಗೇ ಅವನು ಮೂರು ವರ್ಷ ಹೆದರಿದ್ದು. ಗಂಟೆಯ ಕಂಬ ಬುಟ್ಟಿಯಿಂದ ನಾಲ್ಕು ಮಾರು ದೂರ. ಬಿದ್ದವನ ಕೈಗೆ ಎಟುಕುವುದು ಸರಪಳಿ ಮಾತ್ರ.

"ಸರಪಳಿ ಅಲುಗ್ತು. ಎರಡು ಸಲ. ಆಮೇಲೆ ಇನ್ನೊಂದ್ಸಲ. ನನ್ನ ಹೊಟ್ಟೆ ಉರಿಸೋಕೆ ಅಲ್ಲೇ ನಿಂತು ಎಸೆಯೋ ಅಭ್ಯಾಸ ಮಾಡ್ತಿದಾನೆ ಅಂದ್ಕೊಂಡೆ."

ಸಿರ್ಕಾ ಎದ್ದಳು. ಚೀಲ ಬೆಂಚಿನ ಮೇಲೇ ಬಿಟ್ಟು ದಿಬ್ಬ ಹತ್ತಿದಳು. ಮಂಜು ಅವಳ ಕಾಲು ನುಂಗಿತು, ಸೊಂಟ ನುಂಗಿತು, ಕೊನೆಗೆ ಬಿಳಿ ತಲೆಯನ್ನೂ ನುಂಗಿತು. ಕೌಕೊ ಬೆಂಚಿನ ಮೇಲೇ ಉಳಿದ.

ಆಚೆಯಿಂದ ಝಣ್ ಝಣ್ ಎಂದಿತು.

"ಹೀಗಾ?" ಅವಳ ದನಿ.

ಅವನು ಕಣ್ಣು ಮುಚ್ಚಿ ಕಿವಿಗೊಟ್ಟ.

"ಹೇಳು ಕೌಕೊ! ಹೀಗಾ?"

"ಇಲ್ಲ. ಇನ್ನೂ ಮೆತ್ತಗೆ."

ಝಣ್. ಝಣ್.

"ಹೀಗೆ?"

"ಹೂಂ. ಹೀಗೇ."

ಆಮೇಲೆ ಆಚೆಯಿಂದ ಏನೂ ಇಲ್ಲ. ಮಾತಿಲ್ಲ, ಅಳುವಿಲ್ಲ. ಈ ಸಲ ಕೌಕೊ ಕಾಯಲಿಲ್ಲ. ಎದ್ದು, ಒದ್ದೆ ಹುಲ್ಲಿನ ಮೇಲೆ ಜಾರುತ್ತ, ಕೈಯೂರುತ್ತ ದಿಬ್ಬ ಹತ್ತಿ ಇಳಿದ. ಮುಂದಿನ ಹೆಂಗಸರು ಗಂಟೆ ಬಾರಿಸುವುದು ಮರೆತು ಯಾವಾಗಲೋ ಹೋಗಿಬಿಟ್ಟಿದ್ದರು. ಸಿರ್ಕಾ ಬುಟ್ಟಿಯ ಬುಡದಲ್ಲಿ ನೆಲಕ್ಕೇ ಕೂತು, ತೋಳು ಮೇಲೆತ್ತಿ ಸರಪಳಿ ಹಿಡಿದಿದ್ದಳು. ಅವನ ಕಡೆ ತಿರುಗಲಿಲ್ಲ.

"ಬೆಂಚಿನಿಂದ ಇಪ್ಪತ್ತಾರೇ ಹೆಜ್ಜೆ," ಎಂದಳು. "ಎಣಿಸ್ಕೊಂಡು ಬಂದೆ."

ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ. ಅವಳು ಸರಪಳಿ ಬಿಟ್ಟು, ಅವನು ಚಾಚಿದ ಕೈಯನ್ನು ಹಿಡಿಯದೆ, ನೆಲಕ್ಕೆ ಕೈಯೂರಿ ತಾನೇ ಎದ್ದಳು. ಸ್ಕರ್ಟಿಗಂಟಿದ ಒದ್ದೆ ಎಲೆಗಳನ್ನು ಒಂದೊಂದಾಗಿ ಕಿತ್ತು ತೆಗೆದಳು.

"ಭಾನುವಾರ ಮಗಳು ಬರ್ತಾಳೆ. ನೀನೂ ಮನೆಗೆ ಬಾ. ಅವಳ ಮುಂದೆ ಇದನ್ನೆಲ್ಲ ಮೊದಲಿಂದ ಹೇಳು. ಸರಪಳಿ ಮಾತೂ ಸೇರಿಸಿ ಹೇಳು, ಬಿಡಬೇಡ."

"ಬರ್ತೀನಿ."

"ಕಾಫಿ ಕೊಡ್ತೀನೋ ಇಲ್ವೋ ಗೊತ್ತಿಲ್ಲ," ಎಂದಳು ಸಿರ್ಕಾ. "ಆದ್ರೂ ಬಾ."