ಅಕ್ಕನ ತಾಯಿಗೆ ತಿಳಿಸಲು ಹೋದದ್ದು

ಆಸ್ಪತ್ರೆಯಿಂದ ರೋಗಿಗಳ ಮನೆಗಳಿಗೆ ಹೋಗಿಬರುವ ಕೆಲಸವನ್ನು ನಮಗೆ ಕಲಿಸಿದವರು ನಮ್ಮ ಮೇಲ್ವಿಚಾರಕಿ. ನಾವು ಅವರನ್ನು ಅಕ್ಕ ಎನ್ನುತ್ತಿದ್ದೆವು. ಸಾವಿನ ಸುದ್ದಿಯನ್ನು ಬಾಗಿಲಲ್ಲಿ ಹೇಳಬಾರದು, ಒಳಗೆ ಕುಳಿತು, ಮನೆಯವರು ಕೊಟ್ಟ ಬೆಲ್ಲ, ನೀರು ತೆಗೆದುಕೊಂಡು ಆಮೇಲೆ ಹೇಳಬೇಕು ಎನ್ನುತ್ತಿದ್ದರು. ಶನಿವಾರಗಳಲ್ಲಿ ತಾವೇ ರೋಗಿಯ ತಾಯಿಯಾಗಿ ಕುಳಿತು ನಮ್ಮಿಂದ ಅಭ್ಯಾಸ ಮಾಡಿಸುತ್ತಿದ್ದರು.

"ಎಂತ ಮಾರಾಯ್ತಿ, ಪೊಲೀಸಿನವರ ಹಾಗೆ ನಿಂತಿದ್ದೀಯಲ್ಲ!" ಎಂದು ನನ್ನನ್ನು ನೋಡಿ ನಗುತ್ತಿದ್ದರು.

ಅಕ್ಕ ವಿಷಮಜ್ವರದಿಂದ ತೀರಿಕೊಂಡ ಬೆಳಿಗ್ಗೆ, ಬೋಳಾರದಲ್ಲಿದ್ದ ಅವರ ತಾಯಿಗೆ ತಿಳಿಸಲು ಆಸ್ಪತ್ರೆಯವರು ನನ್ನನ್ನೇ ಕಳಿಸಿದರು. ಚಾವಡಿಯಲ್ಲಿ ಕುಳಿತು ನೀರು ಕೇಳಿದೆ. ಮುದುಕಿ ಕದಲಲಿಲ್ಲ.

"ನೀರು ಕುಡಿದ ಮೇಲೆ ನೀನು ಎಂತ ಹೇಳ್ತೀಯಾಂತ ನನಗೆ ಗೊತ್ತುಂಟು ಮಗಾ. ಮಗಳು ಯಾವಾಗಲೂ ಹೇಳ್ತಾಳೆ. ನಾನು ನೀರು ಕೊಡುವುದಿಲ್ಲ."

ಹೇಳಲೂ ಆಗದೆ, ಎದ್ದು ಹೋಗಲೂ ಆಗದೆ, ಅವರ ಎದುರು ಕುಳಿತೇ ಇದ್ದೆ.