ನಿಂಬೆ ಬೀದಿಯವರು ಸಿಹಿ ತರಬೇಕು

ಹನಿಬೆಲ್ ತೋಪು ಎಂಬ ನಿವೃತ್ತರ ಬಡಾವಣೆಯಲ್ಲಿ ವರ್ಲಾ ಹಾಚ್ಕಿಸ್‌ಗೆ ಹೆದರದ ಜೀವಗಳು ಎರಡೇ ಎರಡು. ಒಂದು ಅವಳ ಗಂಡ ಡೆಲ್ಮರ್. ಪಾಪ, ಅವನು ತೀರಿಕೊಂಡು ಒಂಬತ್ತು ವರ್ಷವಾಯಿತು. ಇನ್ನೊಂದು ಹಿಂದಿನ ಕೆರೆಯ ಮೊಸಳೆ. ಮಿಕ್ಕವರೆಲ್ಲ, ಎಂಬತ್ತು ದಾಟಿದವರೂ ಸೇರಿ, ಅವಳ ಬಿಳಿ ಗಾಲ್ಫ್ ಗಾಡಿ ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಅಂಗಿಯ ಗುಂಡಿ ಹಾಕಿಕೊಂಡು ನೆಟ್ಟಗೆ ನಿಲ್ಲುತ್ತಿದ್ದರು.

ವರ್ಲಾ ಹುಟ್ಟಿ ಬೆಳೆದದ್ದು ಅಮೆರಿಕದ ಇಂಡಿಯಾನಾದಲ್ಲಿ. ಅಲ್ಲಿನ ಒಂದು ಶಾಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಯಜಮಾನಿಕೆ ಮಾಡಿದವಳು. ದಿನಕ್ಕೆ ನಾನೂರು ಮಕ್ಕಳಿಗೆ ಸೌಟು ಹಿಡಿದು ಬಡಿಸಿ, ಸಾಲು ತಪ್ಪಿಸಿದವನನ್ನು ಬರೀ ಕಣ್ಣಿನಿಂದಲೇ ಹಿಂದಕ್ಕೆ ಕಳಿಸಿ ಪಳಗಿದ ಹೆಂಗಸು. ಹಿಮ ಗೋರಿ ಗೋರಿ ಸಾಕಾಗಿ, ಇಪ್ಪತ್ತಾರು ವರ್ಷದ ಹಿಂದೆ ಗಂಡ ಹೆಂಡತಿ ಫ್ಲಾರಿಡಾಕ್ಕೆ ಬಂದರು. ಐವತ್ತೈದು ದಾಟದವರಿಗೆ ಜಾಗ ಕೊಡದ ಈ ತೋಪಿನಲ್ಲಿ, ನಿಂಬೆ ಬೀದಿಯಲ್ಲಿ, ತಗಡಿನ ಗೋಡೆಯ ಒಂದು ಮನೆ ಹಿಡಿದರು. ಡೆಲ್ಮರ್ ಮೊದಲ ವಾರ ಮೀನು ಹಿಡಿದ. ವರ್ಲಾ ಮೊದಲ ವಾರ ತೋಪಿನವರೆಲ್ಲ ಸೇರುವ ಕ್ಲಬ್‌ಹೌಸಿನ ಅಡುಗೆಮನೆಗೆ ಕಾಲಿಟ್ಟಳು, ಅಲ್ಲಿನ ಅವಸ್ಥೆ ಕಂಡು ತಲೆ ಚಚ್ಚಿಕೊಂಡಳು. ತಿಂಗಳು ತುಂಬುವುದರೊಳಗೆ ಅಡುಗೆಮನೆಯ ಕೀಲಿ ನೀಲಿ ದಾರದಲ್ಲಿ ಅವಳ ಕೊರಳಿಗೆ ಬಂದಿತ್ತು.

ಆಗಿನ ತೋಪು ತೋಪೇ ಆಗಿತ್ತು ಬಿಡಿ. ಉದ್ದ ಕೋಲಿನಿಂದ ಬಿಲ್ಲೆ ತಳ್ಳುವ ಆಟದ ಅಂಕಣಕ್ಕೆ ಬೆಳಗಿನ ಏಳಕ್ಕೇ ಸರದಿ ಹಚ್ಚುತ್ತಿದ್ದರು. ಬುಧವಾರ ಕುಣಿತ, ಶನಿವಾರ ಕಾಫಿ ಮತ್ತು ಡೋನಟ್. ಗುರುವಾರದ ಕೂಡೂಟಕ್ಕಂತೂ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ತಿನ್ನುತ್ತಿದ್ದರು. ಮನೆಗೊಂದು ಅಡುಗೆ ತರುವ ಊಟ ಅದು. ಯಾರು ಏನು ತರಬೇಕೆಂದು ಕಿತ್ತಾಟವಾಗದ ಹಾಗೆ ವರ್ಲಾ ಒಂದು ಕಟ್ಟಳೆ ಮಾಡಿದಳು. ಕಿತ್ತಳೆ ಬೀದಿಯವರು ಹಸಿ ತರಕಾರಿ, ಚಕ್ಕೋತ ಬೀದಿಯವರು ಹೊಟ್ಟೆ ತುಂಬುವ ಅಡುಗೆ, ನಿಂಬೆ ಬೀದಿಯವರು ಸಿಹಿ. ತಟ್ಟೆ, ಚಮಚ ಅವರವರದೇ. ತಟ್ಟೆ ಮರೆತವರು ಮನೆಗೆ ಹೋಗಿ ತರಬೇಕು, ವಾಪಸ್ ಬಂದು ಸಾಲಿನ ಕೊನೆಗೆ ನಿಲ್ಲಬೇಕು. ಈ ಕಟ್ಟಳೆಗೆ ಎಲ್ಲರೂ ಗೊಣಗಿದರು, ಎಲ್ಲರೂ ಹೊಟ್ಟೆ ತುಂಬ ಉಂಡರು.

ಆಮೇಲೆ ಕಾಲ ತಿರುಗಿತು. ಚಕ್ಕೋತ ಬೀದಿ ಇದ್ದದ್ದು ಕೆರೆಯ ಅಂಚಿಗೆ. ದೊಡ್ಡ ಬಿರುಗಾಳಿಯ ವರ್ಷ ನೀರು ಒಳನುಗ್ಗಿ ಆ ಬೀದಿಯ ಮನೆಗಳೆಲ್ಲ ಹಾಳಾದವು. ಜನ ಮಕ್ಕಳ ಊರಿಗೆ ಹೋದರು, ಹೋದವರಲ್ಲಿ ಅರ್ಧ ಜನ ಅಲ್ಲೇ ಕಣ್ಣು ಮುಚ್ಚಿದರು. ಕಿತ್ತಳೆ ಬೀದಿಯಲ್ಲಿ ಉಳಿದವರಿಗೆ ಹಲ್ಲಿಲ್ಲ. ಎತ್ತರದಲ್ಲಿದ್ದ ನಿಂಬೆ ಬೀದಿ ಮಾತ್ರ ತುಂಬಿಕೊಂಡಿತು. ಕಟ್ಟಳೆ ಬದಲಿಸೋಣ ಎಂದು ಯಾರಾದರೂ ಬಾಯಿ ತೆರೆದರೆ ವರ್ಲಾ ಕಡ್ಡಿ ಮುರಿದಂತೆ ಹೇಳುತ್ತಿದ್ದಳು, ಚಕ್ಕೋತ ಬೀದಿಗೆ ಜನ ಬಂದೇ ಬರುತ್ತಾರೆ, ಅಲ್ಲಿಯತನಕ ಕಾಯಿರಿ ಎಂದು. ನಿಜ ಹೇಳಬೇಕೆಂದರೆ ಅದು ಹಟವಲ್ಲ, ಸಂಕಟ. ಅವಳ ಒಳ್ಳೆಯ ಗೆಳತಿಯರೆಲ್ಲ ಆ ಬೀದಿಯವರು. ಅವರ ಪಾಲಿನ ಅಡುಗೆಯನ್ನು ಇನ್ನೊಬ್ಬರಿಗೆ ಹಂಚಿಬಿಟ್ಟರೆ ಅವರು ಇನ್ನು ಬರುವುದಿಲ್ಲ ಎಂದು ತಾನೇ ಬರೆದುಕೊಟ್ಟ ಹಾಗಾಗುತ್ತದಲ್ಲ, ಅದು ಅವಳಿಗೆ ಬೇಡವಾಗಿತ್ತು.

ಅಷ್ಟರಲ್ಲಿ ಒಂದು ಯಡವಟ್ಟಾಯಿತು. ನ್ಯೂಯಾರ್ಕಿನಲ್ಲಿ ಇಪ್ಪತ್ತೆಂಟು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತನಾದ ನೆಸ್ಟರ್ ಕಿನ್ಯೋನೆಸ್, ಹೆಂಡತಿ ಮಿಗ್ದಾಲಿಯಾ ಜೊತೆ ನಿಂಬೆ ಬೀದಿಗೆ ಬಂದ. ಪೋರ್ಟೊ ರಿಕೊ ಮೂಲದವನು, ನಗುಮುಖದ ಆಳು. ಮೊದಲ ಗುರುವಾರವೇ, ಬೆಳ್ಳುಳ್ಳಿ ಅರೆದು ಹಚ್ಚಿ ಎರಡು ದಿನ ನೆನೆಸಿ ಬೇಯಿಸಿದ ಹಂದಿ ಮಾಂಸದ ದೊಡ್ಡ ತಟ್ಟೆ ಹೊತ್ತು ಕ್ಲಬ್‌ಹೌಸಿಗೆ ಬಂದ. ಘಮಘಮ ವಾಸನೆಗೆ ಮುದುಕರೆಲ್ಲ ಕುರ್ಚಿ ಬಿಟ್ಟು ಎದ್ದರು. ವರ್ಲಾ ಬಾಗಿಲಲ್ಲಿ ತಡೆದು, ಯಾವ ಬೀದಿ ಎಂದಳು. ನಿಂಬೆ ಬೀದಿ ಎಂದ. ನಿಂಬೆ ಬೀದಿಯವರು ಸಿಹಿ ತರಬೇಕು ಎಂದಳು. ಜೊತೆಗೆ, ಉಣ್ಣುವ ತಟ್ಟೆ ಎಲ್ಲಿ ಎಂದೂ ಕೇಳಿದಳು. ನೆಸ್ಟರ್ ತಮಾಷೆ ಎಂದುಕೊಂಡು ನಕ್ಕ. ಅವಳು ನಗಲಿಲ್ಲ. ಅವನು ಸುಮ್ಮನೆ ತಿರುಗಿ ಆ ಬಿಸಿ ತಟ್ಟೆ ಹೊತ್ತು ಮನೆಗೆ ನಡೆದ. ಮತ್ತೆ ಎರಡು ವರ್ಷ ಕ್ಲಬ್‌ಹೌಸಿನ ಕಡೆ ತಲೆ ಹಾಕಲಿಲ್ಲ.

ಹೀಗಿರುವಾಗ ಈ ವರ್ಷ ಜನವರಿಯ ಕೊನೆಯ ಗುರುವಾರ ಕೂಡೂಟದ ಮೇಜಿನ ಮೇಲೆ ಹದಿನಾಲ್ಕು ಸಿಹಿ ಬಂದು ಕೂತವು. ಕೆನೆಯ ಪೈ, ಪೀಚ್ ಪೈ, ಮೂರು ಬಣ್ಣದ ಜೆಲ್ಲಿ, ಮತ್ತೆ ಪೀಚ್ ಪೈ. ಒಂದು ಮೂಲೆಯಲ್ಲಿ ಒಂದು ಬಟ್ಟಲು ಸೌತೆಕಾಯಿ. ಹೊಟ್ಟೆ ತುಂಬುವಂಥದ್ದು ಒಂದು ತುತ್ತೂ ಇಲ್ಲ. ಬಂದವರು ಹದಿನೇಳು ಜನ. ನಿವಾಸಿಗಳ ಸಂಘದ ಅಧ್ಯಕ್ಷ ಆರ್ವಲ್ ಸ್ಟೂಕಿಗೆ ಸಕ್ಕರೆ ಕಾಯಿಲೆ. ಅವನು ಸೌತೆಕಾಯಿ ಬಟ್ಟಲನ್ನೇ ಮುಂದಿಟ್ಟುಕೊಂಡು, ಆಡಿನ ಹಾಗೆ ಮೆಲ್ಲುತ್ತಾ ಎದ್ದು ನಿಂತು ಸುದ್ದಿ ಹೇಳಿದ. ತಾನು ಮಗಳ ಮನೆಗೆ ಹೋಗುತ್ತಿದ್ದೇನೆ. ಸಂಘದ ಐದು ಸ್ಥಾನಕ್ಕೆ ಇದುವರೆಗೆ ಒಂದು ಹೆಸರೂ ಬಂದಿಲ್ಲ. ಎರಡು ವಾರದಲ್ಲಿ ವಾರ್ಷಿಕ ಸಭೆ. ಅಷ್ಟರೊಳಗೆ ಐದು ಜನ ಸಿಗದಿದ್ದರೆ ಸಂಘ ಮುಚ್ಚಿದ ಹಾಗೆ. ಸಂಘವಿಲ್ಲದಿದ್ದರೆ ಕ್ಲಬ್‌ಹೌಸು ಜಾಗದ ಮಾಲೀಕರ ಕೈಗೆ ಹೋಗುತ್ತದೆ, ಅವರು ಬೀಗ ಜಡಿಯುತ್ತಾರೆ.

ವರ್ಲಾ ಅಡುಗೆಮನೆಯ ಕಡೆ ತಿರುಗಿ ನೋಡಿದಳು. ಆ ಅಡುಗೆಮನೆಯ ಕಪಾಟುಗಳನ್ನು ಡೆಲ್ಮರ್ ತನ್ನ ಕೈಯಾರೆ ಮಾಡಿದ್ದ. ಗುರುವಾರವೊಂದು ಇಲ್ಲದಿದ್ದರೆ ವಾರದ ಮಿಕ್ಕ ಆರು ದಿನ ಯಾಕೆ ಬರುತ್ತವೆಂದೇ ಅವಳಿಗೆ ಗೊತ್ತಿರಲಿಲ್ಲ.

ಮರುದಿನವೇ ರಟ್ಟಿಗೆ ಹಾಳೆ ಸಿಕ್ಕಿಸಿಕೊಂಡು, ಗಾಲ್ಫ್ ಗಾಡಿ ಏರಿ, ತನಗೆ ಗೊತ್ತಿದ್ದವರ ಮನೆ ಮನೆ ಸುತ್ತಿದಳು. ಒಬ್ಬರಿಗೆ ಮಂಡಿ ನೋವು, ಒಬ್ಬರಿಗೆ ಎದೆ ನೋವು. ಒಬ್ಬಳು ತನಗೆ ಮರೆವು ಎಂದಳು. ಅದೇ ಹೆಂಗಸು ಹಿಂದಿನ ವಾರ ಇಸ್ಪೀಟಿನಲ್ಲಿ ಯಾರ ಕೈಯಲ್ಲಿ ಯಾವ ಎಲೆ ಇದೆಯೆಂದು ಕರಾರುವಾಕ್ಕಾಗಿ ಹೇಳಿ ಗೆದ್ದಿದ್ದಳು. ಶುಕ್ರವಾರ ಮುಗಿಯಿತು, ಶನಿವಾರ ಮಧ್ಯಾಹ್ನವಾಯಿತು, ಹಾಳೆಯ ಮೇಲೆ ಒಂದು ಹೆಸರಿಲ್ಲ. ಉಳಿದದ್ದು ನೆಸ್ಟರ್‌ನ ಮನೆಯೊಂದೇ. ಅವನ ಕಾರು ನಿಲ್ಲಿಸುವ ಚಪ್ಪರದಿಂದ ಪ್ರತಿ ಶನಿವಾರ ಹಾಡು ಕೇಳಿಸುತ್ತದೆಂದು ವರ್ಲಾ ಆರ್ವಲ್‌ಗೆ ನಾಲ್ಕು ದೂರಿನ ಚೀಟಿ ಕೊಟ್ಟಿದ್ದಳು. ಆದರೆ ಒಮ್ಮೆಯೂ ಹೋಗಿ ನೋಡಿರಲಿಲ್ಲ.

ಈಗ ನೋಡಿದಳು. ಚಪ್ಪರದ ಕೆಳಗೆ ಮೂವತ್ತು ಜನರಿದ್ದರು. ತೋಪಿಗೆ ಹೊಸದಾಗಿ ಬಂದ ಗಂಡಸರು ಹೆಂಗಸರು, ಅರ್ಧ ಜನರ ಹೆಸರೂ ಅವಳಿಗೆ ಗೊತ್ತಿರಲಿಲ್ಲ. ಒಂದು ಮೇಜಿನಲ್ಲಿ ಡಾಮಿನೋ ಬಿಲ್ಲೆಗಳನ್ನು ಪಟಪಟ ಬಡಿಯುತ್ತಿದ್ದರು. ಇನ್ನೊಂದರಲ್ಲಿ ಅನ್ನ, ಅವರೆಕಾಳಿನಂಥ ಕಾಳು, ಅದೇ ಹಂದಿ ಮಾಂಸ. ಮತ್ತೆ, ಅಯ್ಯೋ ದೇವರೇ, ತಟ್ಟೆಯ ತುಂಬ ಮಾಂಸ ಹಾಕಿಕೊಂಡು ಬೆರಳು ನೆಕ್ಕುತ್ತಾ ಕೂತವಳು ಮೇವಿಸ್ ಟ್ರುಬ್ಲಡ್. ವರ್ಲಾಳ ಪಕ್ಕದ ಮನೆಯವಳು, ಇಪ್ಪತ್ತು ವರ್ಷದ ಗೆಳತಿ, ಎಂಬತ್ನಾಲ್ಕರ ಮುದುಕಿ. ಶನಿವಾರಗಳಲ್ಲಿ ತನಗೆ ತಲೆನೋವು, ಮಲಗಿರುತ್ತೇನೆ ಎಂದು ಹೇಳುತ್ತಿದ್ದವಳು.

"ಇದೇನೇ ನಿನ್ ತಲೆನೋವು?" ಎಂದಳು ವರ್ಲಾ.

"ಹೂಂ ಕಣೇ, ಇಲ್ಲಿ ಬಂದ್ರೆ ಬಿಡತ್ತೆ" ಎಂದಳು ಮೇವಿಸ್, ಕಿಂಚಿತ್ತೂ ನಾಚದೆ. ಆಮೇಲೆ ಪಕ್ಕದ ಕುರ್ಚಿ ಎಳೆದು ಅವಳನ್ನು ಕೂರಿಸಿಕೊಂಡಳು. ಹಾಳೆ ಖಾಲಿ ಇರುವುದು ಕಂಡು ಅವಳಿಗೂ ಕನಿಕರವಾಯಿತು. "ನೋಡು ವರ್ಲಾ, ಸಂಘಕ್ಕೆ ಬರೋಕೆ ಯಾರಿಗೂ ಬೇಜಾರಿಲ್ಲ. ನಿನ್ ಕೈ ಕೆಳಗೆ ಬರೋಕೆ ಬೇಜಾರು. ಒಂದು ಸೌಟು ಬೇಕಂದ್ರೂ ನಿನ್ ಕೊರಳಿನ ಕೀಲಿ ನೋಡ್ಬೇಕು. ನಾವೇನು ನಿನ್ ಶಾಲೆ ಮಕ್ಕಳೇನೇ?"

ವರ್ಲಾಗೆ ಮುಖದ ಮೇಲೆ ಹೊಡೆದ ಹಾಗಾಯಿತು. ಎದ್ದು ಹೋಗಿಬಿಡೋಣ ಎನಿಸಿತು. ಅಷ್ಟರಲ್ಲಿ ನೆಸ್ಟರ್ ಬಂದ. ಕೇಳದೆಯೇ ಒಂದು ತಟ್ಟೆ ತಂದು ಅವಳ ಮುಂದಿಟ್ಟ. ಅವಳು ಕ್ಷಮೆ ಕೇಳಬೇಕೆಂದುಕೊಂಡಳು. ಬದಲಿಗೆ ಹಾಳೆ ಮುಂದೆ ಚಾಚಿದಳು.

ಐದು ಜನ ಇಲ್ಲೇ ಇದ್ದಾರೆ, ತಾನೂ ನಿಲ್ಲುತ್ತೇನೆ ಎಂದ ನೆಸ್ಟರ್. ಆದರೆ ಒಂದು ಮಾತು ಎಂದ.

ಕೀಲಿ ತಾನೇ, ಕೊಡುತ್ತೇನೆ ಎಂದು ವರ್ಲಾ ಕೊರಳಿಗೆ ಕೈ ಹಾಕಿದಳು. ಇವನೊಬ್ಬನಿಗೆ ಕೊಡುವುದಾದರೆ ಹೇಗೋ ಹಲ್ಲು ಕಚ್ಚಿ ಕೊಟ್ಟಾಳು.

"ನನಗೆ ಬೇಡ ಮೇಡಂ. ಅಡುಗೆಮನೆ ಬಾಗಿಲ ಪಕ್ಕ ಒಂದು ಮೊಳೆ ಹೊಡೆದು ತೂಗುಹಾಕೋಣ. ಯಾರಿಗೆ ಕಾಫಿ ಬೇಕೋ ಅವ್ರು ತಗೊಳ್ಳಲಿ."

ಯಾರು ಬೇಕಾದರೂ! ವರ್ಲಾ ತಟ್ಟೆ ಮುಟ್ಟದೆ ಎದ್ದು ಬಂದಳು.

ಮುಂದಿನ ಹತ್ತು ಹನ್ನೆರಡು ದಿನ ಅವಳು ಯಾರೊಂದಿಗೂ ನೆಟ್ಟಗೆ ಮಾತಾಡಲಿಲ್ಲ. ಮೊಳೆಯಂತೆ, ತೂಗುಹಾಕುವುದಂತೆ, ಎಂದು ಗೋಡೆಯ ಮುಂದೆ ಗೊಣಗಿದಳು. ಸಭೆಯ ದಿನ ಬೆಳಿಗ್ಗೆ ಕೊನೆಯದಾಗಿ ಒಮ್ಮೆ ನೋಡಿ ಬರೋಣವೆಂದು ಅಡುಗೆಮನೆಯ ಬೀಗ ತೆಗೆದಳು. ಒಳಗೆ ಎಲ್ಲ ಲಕಲಕ ಹೊಳೆಯುತ್ತಿತ್ತು. ಪ್ರತಿ ಕಪಾಟಿನ ಮೇಲೆ ಅವಳದೇ ಅಕ್ಷರದ ಚೀಟಿ. ಮುಟ್ಟಬೇಡಿ. ಕೇಳಿ ತೆಗೆಯಿರಿ. ಇದು ಹಬ್ಬಕ್ಕೆ ಮಾತ್ರ. ಒಲೆಯ ಮೇಲೆ ಕೈಯಾಡಿಸಿದಳು. ಒಂದು ಕಲೆ ಇಲ್ಲ, ಒಂದು ಅಗುಳಿಲ್ಲ. ನಾನೂರು ಮಕ್ಕಳ ಅಡುಗೆಮನೆ ಎಂದೂ ಇಷ್ಟು ಚೊಕ್ಕಟವಾಗಿರಲಿಲ್ಲ ಎನ್ನುವುದು ಆಗ ಹೊಳೆಯಿತು. ಇಲ್ಲಿ ಯಾರೂ ಅಡುಗೆ ಮಾಡದೆ ಎಷ್ಟು ಕಾಲವಾಯಿತೋ! ಡೆಲ್ಮರ್ ಮಾಡಿದ ಕಪಾಟಿಗೆ ಹಣೆ ಹಚ್ಚಿ ವರ್ಲಾ ಗಟ್ಟಿಯಾಗಿ ಅತ್ತಳು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, ಮನೆಗೆ ಹೋಗಿ ಗಂಡನ ಸುತ್ತಿಗೆ ತಂದಳು.

ಮಧ್ಯಾಹ್ನ ಸಭೆಗೆ ಬಂದವರು ನೋಡಿದರು. ಬಾಗಿಲ ಪಕ್ಕದ ಗೋಡೆಯಲ್ಲಿ ಬೆರಳುದ್ದದ ಒಂದು ಮೊಳೆ, ಸ್ವಲ್ಪ ಸೊಟ್ಟ. ಅದರಲ್ಲಿ ನೀಲಿ ದಾರ, ದಾರದಲ್ಲಿ ಕೀಲಿ. ಚೀಟಿಗಳೆಲ್ಲ ಕಸದ ಬುಟ್ಟಿಯಲ್ಲಿ. ಯಾರೂ ಚಪ್ಪಾಳೆ ತಟ್ಟಲಿಲ್ಲ, ತಟ್ಟಿದ್ದರೆ ಅವಳು ಎದ್ದು ಹೋಗುತ್ತಿದ್ದಳು. ನೆಸ್ಟರ್ ಆ ಮೊಳೆಯನ್ನು ಒಮ್ಮೆ ಅಲ್ಲಾಡಿಸಿ ನೋಡಿ, ಗಟ್ಟಿಯಾಗಿದೆ ಎಂದಷ್ಟೇ ಹೇಳಿದ. ಹತ್ತು ನಿಮಿಷದಲ್ಲಿ ಐದು ಹೆಸರು ಬಿದ್ದವು. ಆರ್ವಲ್ ನಿಟ್ಟುಸಿರು ಬಿಟ್ಟು ಕೂತ.

ಅದಾದ ಮೊದಲ ಗುರುವಾರ ವರ್ಲಾ ಬೆಳಿಗ್ಗೆ ಐದಕ್ಕೇ ಎದ್ದು ಹಿಟ್ಟು ನಾದಿದಳು. ತೆಳ್ಳಗೆ ಲಟ್ಟಿಸಿ, ಕತ್ತರಿಸಿ, ಒಣಗಿಸಿ, ಕೋಳಿಯ ರಸದಲ್ಲಿ ಬೇಯಿಸಿದಳು. ಇಂಡಿಯಾನಾದ ಶಾಲೆಯಲ್ಲಿ ಮಕ್ಕಳು ಎರಡನೇ ಸಲ ಸಾಲು ನಿಂತು ಕೇಳುತ್ತಿದ್ದ ನೂಡಲ್ಸ್ ಇದು. ನಿಂಬೆ ಬೀದಿಯವಳಾದ ತಪ್ಪಿಗೆ ಇಪ್ಪತ್ತಾರು ವರ್ಷ ಈ ತೋಪಿನಲ್ಲಿ ಅದನ್ನು ಬಡಿಸಿರಲಿಲ್ಲ. ದೊಡ್ಡ ಪಾತ್ರೆ ಎರಡೂ ಕೈಯಲ್ಲಿ ಹಿಡಿದು ಕ್ಲಬ್‌ಹೌಸಿನ ಬಾಗಿಲಿಗೆ ಬಂದಾಗ, ಅಲ್ಲಿ ಕೈಯಲ್ಲಿ ರಟ್ಟು ಹಿಡಿದು ನೆಸ್ಟರ್ ನಿಂತಿದ್ದ.

"ಯಾವ ಬೀದಿ?" ಎಂದ.

"ನಿಂಬೆ ಬೀದಿ."

"ನಿಂಬೆ ಬೀದಿಯೋರು ಸಿಹಿ ತರ್ಬೇಕಲ್ವಾ?"

ಒಳಗೆ ಕೂತಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು. ಬಟ್ಟೆ ತರಲು ಮರೆತಿದ್ದರಿಂದ ಪಾತ್ರೆಯ ಕಿವಿ ವರ್ಲಾಳ ಕೈ ಸುಡುತ್ತಿತ್ತು. ಇಲ್ಲಿಂದ ಮನೆಗೆ ಇನ್ನೂರು ಹೆಜ್ಜೆ, ಎಲ್ಲರ ಕಣ್ಣೆದುರಿಗೆ ನಡೆಯಬೇಕು. ಎರಡು ವರ್ಷದ ಹಿಂದೆ ಇವನು ಆ ಇನ್ನೂರು ಹೆಜ್ಜೆ ನಡೆದಿದ್ದ. ಆವತ್ತು ಚಪ್ಪರದಲ್ಲಿ ಆಡದೆ ಉಳಿದ ಮಾತನ್ನು ವರ್ಲಾ ಈಗ ಆಡಿಬಿಟ್ಟಳು.

"ಕೈ ಸುಡ್ತಿದೆ ನೆಸ್ಟರ್. ಆವತ್ತು ನಿಮ್ಮ ಕೈನೂ ಸುಟ್ಟಿರ್ಬೇಕು. ನಂದು ತಪ್ಪಾಯ್ತು."

ನೆಸ್ಟರ್ ರಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ತನ್ನ ಅಂಗಿಯ ಅಂಚಿನಿಂದಲೇ ಪಾತ್ರೆ ಹಿಡಿದುಕೊಂಡ. "ಕೈ ಸುಡ್ಲಿಲ್ಲ ದೋನ್ಯಾ ವರ್ಲಾ" ಎಂದ. ಅವರ ಕಡೆ ಹಿರಿಯ ಹೆಂಗಸರನ್ನು ಮರ್ಯಾದೆಯಿಂದ ಹಾಗೆ ಕರೆಯುತ್ತಾರೆ. "ಹೊಟ್ಟೆ ಸುಟ್ಟಿತ್ತು. ಈಗ ಸರಿಹೋಯ್ತು, ಬನ್ನಿ." ಪಾತ್ರೆಯನ್ನು ಮೇಜಿನ ನಡುವೆ, ಹಂದಿ ಮಾಂಸದ ಪಕ್ಕಕ್ಕೆ ಇಟ್ಟ.

ವರ್ಲಾ ತನ್ನ ತಟ್ಟೆಯನ್ನೂ ಮರೆತು ಬಂದಿದ್ದಳು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. ಮೇವಿಸ್ ಅದನ್ನು ಊರಿಗೆಲ್ಲ ಕೇಳುವ ಹಾಗೆ ಸಾರಿದಳು, ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ಮಿಗ್ದಾಲಿಯಾ ಒಂದು ಕಾಗದದ ತಟ್ಟೆ ತಂದುಕೊಟ್ಟಳು. ತಟ್ಟೆ ಮರೆತವರು ಎಲ್ಲಿ ನಿಲ್ಲಬೇಕೆಂದು ವರ್ಲಾಗೆ ಯಾರೂ ಹೇಳಬೇಕಿರಲಿಲ್ಲ. ಸಾಲಿನ ಕೊನೆಗೆ ಹೋಗಿ ನಿಂತಳು. ಮುಂದೆ ನಲವತ್ತಾರು ಜನ. ಅವಳ ಸರದಿ ಬರುವ ಹೊತ್ತಿಗೆ ನೂಡಲ್ಸ್ ಪಾತ್ರೆಯ ತಳ ಕಾಣುತ್ತಿತ್ತು. ಮಗಳ ಮನೆಗೆ ಇನ್ನೂ ಹೊರಡದ ಆರ್ವಲ್ ಒಂದು ಬ್ರೆಡ್ಡಿನ ತುಂಡಿನಿಂದ ಅದನ್ನೂ ಒರೆಸುತ್ತಿದ್ದ. ವರ್ಲಾಗೆ ಖುಷಿಯೋ ಖುಷಿ.

ಹಂದಿ ಮಾಂಸ, ಅನ್ನ ಹಾಕಿಕೊಂಡು ಮೇವಿಸ್ ಪಕ್ಕ ಕೂತು ಮೊದಲ ತುತ್ತು ಬಾಯಿಗಿಟ್ಟಳು. ಎರಡು ವರ್ಷ ಇದನ್ನು ಬಿಟ್ಟೆನಲ್ಲ ಎಂದು ಹೊಟ್ಟೆ ಉರಿದುಹೋಯಿತು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಏನೋ ಪಾತ್ರೆ ಬಿದ್ದ ಸದ್ದಾಯಿತು, ಯಾರೋ ನಕ್ಕರು. ಅಭ್ಯಾಸಬಲದಿಂದ ವರ್ಲಾಳ ಕೈ ಕೊರಳಿಗೆ ಹೋಯಿತು. ಕತ್ತು ತಿರುಗಿಸಿ ನೋಡಿದರೆ ಮೊಳೆಯ ಮೇಲೆ ಕೀಲಿ ಇರಲಿಲ್ಲ. ಯಾರು ತೆಗೆದುಕೊಂಡರೆಂದು ನೋಡಲು ಅವಳು ಏಳಲಿಲ್ಲ. ಇನ್ನೊಂದು ತುಂಡು ಮಾಂಸ ತಂದುಕೊಡೇ ಎಂದು ಮೇವಿಸ್‌ಗೆ ಹೇಳಿದಳು.